ಹಿಂದೆಗೆದ ಕೊರಳು: ಮುದಗಲ್ಲಿನ ಅಕ್ಕಸಾಲಿಗನ ಮಗಳು ಮತ್ತು ತಿರಸ್ಕೃತ ಪ್ರೇಮದ ಚರಿತ್ರೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಸೀಮೆಗೆ ಶಾಸನಗಳು ಕೊಟ್ಟ ಹೆಸರು ಎಡೆದೊರೆನಾಡು. ಇಂದಿನ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳು ಈ ನಾಡಿನ ಒಡಲಲ್ಲಿವೆ. ದಕ್ಷಿಣದಿಂದ ತುಂಗಭದ್ರೆಯನ್ನು ದಾಟಿ ಬರುವ ದಂಡಿಗೂ ಉತ್ತರದಿಂದ ಕೃಷ್ಣೆಯನ್ನು ದಾಟಿ ಬರುವ ದಂಡಿಗೂ ಈ ನೆಲ ಮೊದಲು ತುಳಿಯುವ ನೆಲವಾಗಿತ್ತು. ಚೋಳ ರಾಜೇಂದ್ರನೂ ಚಾಲುಕ್ಯ ಜಯಸಿಂಹನೂ ಕಾದಿದ ಮುಶಂಗಿಯನ್ನು ವಿದ್ವಾಂಸರು ಇದೇ ಮಸ್ಕಿಯೆಂದು ಗುರುತಿಸುತ್ತಾರೆ. ವಿಜಯನಗರ ಮತ್ತು ಬಹಮನಿ ರಾಜ್ಯಗಳು ಎರಡು ಶತಮಾನಗಳ ಉದ್ದಕ್ಕೂ ಹೋರಾಡಿದ್ದು ಬಹುಮಟ್ಟಿಗೆ ಇಲ್ಲಿನ ಎರಡು ಕೋಟೆಗಳಿಗಾಗಿ, ರಾಯಚೂರು ಮತ್ತು ಮುದಗಲ್ಲುಗಳಿಗಾಗಿ. ಅವುಗಳಲ್ಲಿ ಮುದಗಲ್ಲು ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು.

1406ರಲ್ಲಿ ಈ ಸೀಮೆಯಲ್ಲಿ ನಡೆದ ಯುದ್ಧವೊಂದಕ್ಕೆ ಚರಿತ್ರೆಯ ಪುಸ್ತಕಗಳಲ್ಲಿ ವಿಲಕ್ಷಣವಾದ ಹೆಸರು ನಿಂತಿದೆ: ಅಕ್ಕಸಾಲಿಗನ ಮಗಳ ಯುದ್ಧ. ಕೋಟೆಗೋ ಕಪ್ಪಕ್ಕೋ ಅಲ್ಲ, ಒಬ್ಬ ಹುಡುಗಿ ಮದುವೆಯನ್ನು ಒಲ್ಲೆನೆಂದಳೆಂಬ ಕಾರಣಕ್ಕೆ ಹೊತ್ತಿಕೊಂಡ ಯುದ್ಧವಿದು ಎಂಬುದು ಕಥೆ. ಈ ಕಥೆಯನ್ನು ರಮ್ಯವೆಂದು ಮೆಚ್ಚಿದವರೂ ಕಟ್ಟುಕಥೆಯೆಂದು ತಳ್ಳಿದವರೂ ಇದ್ದಾರೆ. ಎರಡೂ ಬಗೆಯ ಓದಿನಲ್ಲಿ ಒಂದು ಪ್ರಶ್ನೆ ಹಿಂದೆ ಬಿದ್ದಿದೆ. ಬೇಡವೆಂದವಳನ್ನು, ಅಥವಾ ಬಿಟ್ಟುಹೋದವರನ್ನು, ಹಿಂದೆ ಉಳಿದವನು ಹೇಗೆ ನಡೆಸಿಕೊಳ್ಳಬೇಕು? ಕನ್ನಡದ ಜೈನ ಕವಿಗಳು ಈ ಯುದ್ಧಕ್ಕೆ ಶತಮಾನಗಳ ಮುಂಚೆಯೇ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದರು.

ಕಥೆಯ ಆಕರ ಫೆರಿಸ್ತಾ. ಅವನ ಪರ್ಷಿಯನ್ ಗ್ರಂಥವನ್ನು 1794ರಲ್ಲಿ ಜೊನಾಥನ್ ಸ್ಕಾಟ್, 1829ರಲ್ಲಿ ಜಾನ್ ಬ್ರಿಗ್ಸ್ ಇಂಗ್ಲಿಷಿಗೆ ತಂದರು. 1900ರಲ್ಲಿ ರಾಬರ್ಟ್ ಸೀವೆಲ್ ತನ್ನ ವಿಜಯನಗರ ಚರಿತ್ರೆಯಲ್ಲಿ ಈ ಪ್ರಸಂಗವನ್ನು ವಿಸ್ತಾರವಾಗಿ ಬಳಸಿಕೊಂಡ ಮೇಲೆ ಅದು ಎಲ್ಲೆಡೆ ಹಬ್ಬಿತು. ಫೆರಿಸ್ತಾ ಹೇಳುವಂತೆ ಮುದಗಲ್ಲಿನಲ್ಲಿ ಅಕ್ಕಸಾಲಿಗನೊಬ್ಬನಿಗೆ ಪರ್ತಾಲ್ ಎಂಬ ಅಪೂರ್ವ ಸುಂದರಿಯಾದ ಮಗಳಿದ್ದಳು. ಹೆಸರಿನ ನಿಜವಾದ ಕನ್ನಡ ರೂಪ ಪರ್ಷಿಯನ್ ಲಿಪಿಯಲ್ಲಿ ಮರೆಯಾಗಿದೆ. ಹ್ರಸ್ವಸ್ವರಗಳನ್ನು ಬರೆಯದ ಆ ಲಿಪಿಯಲ್ಲಿ ಹಳ್ಳಿಯ ಹುಡುಗಿಯೊಬ್ಬಳ ಹೆಸರು ತನ್ನ ಆಕಾರ ಉಳಿಸಿಕೊಳ್ಳುವುದು ಕಷ್ಟ. ಅಶೋಕನೆಂಬ ಹೆಸರನ್ನೇ ಬಂಡೆಯ ಮೇಲೆ ಹೊತ್ತು 1915ರಲ್ಲಿ ಬೆಳಕಿಗೆ ಬಂದು, ದೇವಾನಾಂಪ್ರಿಯನು ಯಾರೆಂಬ ಚರ್ಚೆಯನ್ನು ಮುಗಿಸಿದ ಮಸ್ಕಿಯ ಶಾಸನ ಇರುವುದೂ ಇದೇ ಸೀಮೆಯಲ್ಲಿ. ಚಕ್ರವರ್ತಿಯ ಹೆಸರು ಉಳಿಸಿದ ನೆಲ ಅಕ್ಕಸಾಲಿಗನ ಮಗಳ ಹೆಸರನ್ನು ಉಳಿಸಲಿಲ್ಲ.

ಪರ್ತಾಲಳ ಮೊದಲ ನಿರಾಕರಣೆ ದೊರೆಗೆ ಸಂಬಂಧಿಸಿದುದಲ್ಲ. ಕುಲಾಚಾರದಂತೆ ತಂದೆತಾಯಿಗಳು ಆಕೆಯನ್ನು ಎಳೆವಯಸ್ಸಿನಲ್ಲಿಯೇ ಸ್ವಜಾತಿಯ ಹುಡುಗನೊಬ್ಬನಿಗೆ ನಿಶ್ಚಯಿಸಬೇಕೆಂದಿದ್ದರು. ಆಕೆ ಕಾಡಿ ಬೇಡಿ ಅದನ್ನು ಮುಂದಕ್ಕೆ ಹಾಕಿಸಿದಳು. ಆ ಹುಡುಗನ ಬಗ್ಗೆ ಫೆರಿಸ್ತಾ ಮತ್ತೆ ಏನನ್ನೂ ಹೇಳುವುದಿಲ್ಲ. ಇಷ್ಟು ಸದ್ದಿಲ್ಲದೆ ಹಿಂದೆ ಸರಿದವನು ಈ ಇಡೀ ಕಥೆಯಲ್ಲಿ ಅವನೊಬ್ಬನೇ ಎಂಬುದನ್ನು ಗಮನಿಸಬೇಕು.

ಮುಂದೆ ಕಾಶಿಯಾತ್ರೆ ಮುಗಿಸಿ ಬಂದ ವೃದ್ಧ ಬ್ರಾಹ್ಮಣನೊಬ್ಬ ಆ ಮನೆಯಲ್ಲಿ ತಂಗಿದನು. ಹುಡುಗಿಯ ಗುಣಕ್ಕೆ ಮಾರುಹೋಗಿ ಆಕೆಯನ್ನು ಮಗಳೆಂದು ಭಾವಿಸಿ ಸುಮಾರು ಒಂದೂವರೆ ವರ್ಷ ಸಂಗೀತ ನೃತ್ಯಗಳನ್ನು ಕಲಿಸಿದನು. ಬಳಿಕ ವಿಜಯನಗರಕ್ಕೆ ಹೋಗಿ ದೊರೆಯ ಮುಂದೆ ಆಕೆಯ ರೂಪವನ್ನೂ ವಿದ್ಯೆಯನ್ನೂ ಕೊಂಡಾಡಿದನು. ದೇವರಾಯ ಕಂಡರಿಯದ ಹುಡುಗಿಯನ್ನು ಮೋಹಿಸಿದನು. ಕೇಳಿ ಹುಟ್ಟುವ ಇಂಥ ಒಲವಿಗೆ ನಮ್ಮ ಕಾವ್ಯಗಳಲ್ಲಿ ಕೊರತೆಯಿಲ್ಲ. ಶ್ರವಣಾನುರಾಗವೆಂಬ ಹೆಸರೂ ಅದಕ್ಕಿದೆ. ಆದರೆ ಕಾವ್ಯದಲ್ಲಿ ಅದು ಸಾಮಾನ್ಯವಾಗಿ ಇಬ್ಬರಲ್ಲಿಯೂ ಹುಟ್ಟುತ್ತದೆ. ಇಲ್ಲಿ ಒಬ್ಬನಲ್ಲಿ ಮಾತ್ರ ಹುಟ್ಟಿತು.

ರಾಣಿಯ ಪದವಿಯ ಭರವಸೆಯೊಂದಿಗೆ ಬ್ರಾಹ್ಮಣ ಮರಳಿ ಬಂದಾಗ ತಂದೆತಾಯಿಗಳು ಹಿಗ್ಗಿದರು. ರತ್ನ ಕೀಲಿಸಿದ ಹೊನ್ನಿನ ಕಂಠಾಭರಣಕ್ಕೆ ಕೊರಳೊಡ್ಡುವಂತೆ ಮಗಳಿಗೆ ಹೇಳಿದರು. ಒಮ್ಮೆ ಅದು ಕೊರಳಿಗೆ ಬಿದ್ದರೆ ವಾಗ್ದಾನವನ್ನು ಮುರಿಯುವಂತಿರಲಿಲ್ಲವೆಂದು ಫೆರಿಸ್ತಾ ಸ್ಪಷ್ಟಪಡಿಸುತ್ತಾನೆ. ಆ ಕ್ಷಣದಲ್ಲಿ ಹುಡುಗಿ ಕೊರಳನ್ನು ಹಿಂದಕ್ಕೆ ತೆಗೆದುಕೊಂಡಳು. ವಿಜಯನಗರದ ಅಂತಃಪುರವನ್ನು ಹೊಕ್ಕ ಹೆಣ್ಣು ಹೆತ್ತವರನ್ನೂ ಒಡನಾಡಿಗಳನ್ನೂ ಮತ್ತೆ ಕಾಣುವಂತಿಲ್ಲ, ಅರಮನೆಯ ಐಸಿರಿಗಾಗಿ ಅವರನ್ನು ಅಗಲಲಾರೆ ಎಂಬುದು ಆಕೆ ಕೊಟ್ಟ ಕಾರಣ. ಹೆತ್ತವರು ಕರಗಿದರು, ಬಲವಂತ ಮಾಡದೆ ಉಡುಗೊರೆಗಳ ಸಹಿತ ಬ್ರಾಹ್ಮಣನನ್ನು ಹಿಂದಕ್ಕೆ ಕಳುಹಿದರು. ಅಕ್ಕಸಾಲಿಗನ ಮಗಳಿಗೆ ಒಡವೆಯ ಬೆಲೆ ಗೊತ್ತಿರಲಿಲ್ಲವೆನ್ನುವಂತಿಲ್ಲ. ಇಂಥ ಒಡವೆ ಯಾವ ಕುಲುಮೆಯಲ್ಲಿ ಹೇಗೆ ಆಗುತ್ತದೆಂಬುದನ್ನು ನೋಡುತ್ತ ಬೆಳೆದವಳು ಆಕೆ.

ದೇವರಾಯನು ಬೇಟೆಯ ನೆಪದಲ್ಲಿ ರಾಜಧಾನಿಯನ್ನು ಬಿಟ್ಟು ತುಂಗಭದ್ರೆಯ ದಡಕ್ಕೆ ಬಂದನು. ಆಯ್ದ 5000 ಕುದುರೆಗಳ ದಂಡು ಹಗಲಿರುಳೆನ್ನದೆ ಸಾಗಿ, ಹುಡುಗಿಯನ್ನೂ ಮನೆಯವರನ್ನೂ ಯಾವ ನೋವೂ ಆಗದಂತೆ ಹಿಡಿದು ತರಬೇಕೆಂದು ಅಪ್ಪಣೆಯಾಯಿತು. ಈ ‘ನೋವಾಗದಂತೆ’ ಎಂಬ ಷರತ್ತು ಕಥೆಯ ಅತ್ಯಂತ ಕ್ರೂರವಾದ ವಿವರ. ತಾನು ಮಾಡುತ್ತಿರುವುದು ಹಿಂಸೆಯೆಂದು ಆಜ್ಞಾಪಿಸಿದವನಿಗೆ ಅನಿಸಿಯೇ ಇಲ್ಲ. ದಂಡು ಬರುವ ಸುದ್ದಿಯನ್ನು ಕೇಳಿ ಹುಡುಗಿಯ ಮನೆಯವರು ಊರವರೊಂದಿಗೆ ಓಡಿಹೋದರು. ಬರಿಗೈಯಾದ ಸೈನ್ಯ ಮರಳುವ ಹಾದಿಯಲ್ಲಿ ಎಡೆದೊರೆಯ ಹಳ್ಳಿಗಳನ್ನು ಸುಲಿಯಿತು. ಬಹಮನಿ ಅಧಿಕಾರಿ ಫೌಲಾದ್ ಖಾನ್ ಮೊದಲು ಹಿಮ್ಮೆಟ್ಟಿ, ಬಳಿಕ ಎಚ್ಚರತಪ್ಪಿದ್ದ ಆ ದಂಡಿನ ಮೇಲೆ ಬಿದ್ದು ಸುಮಾರು 2000 ಜನರನ್ನು ಕೊಂದನು. ಒಲ್ಲೆನೆಂದವಳು ಸಿಗಲಿಲ್ಲ, ಅವಳನ್ನು ಕಂಡೂ ಅರಿಯದವರು ಸತ್ತರು, ಸುಲಿಗೆಗೊಳಗಾದರು. ಫಿರೋಜ್ ಷಾ ಬಹಮನಿ ಇದನ್ನೇ ಕಾರಣವಾಗಿಟ್ಟು ವಿಜಯನಗರದ ಮೇಲೆ ದಂಡೆತ್ತಿದನು.

ಈ ಕಥೆಯನ್ನು ಎಷ್ಟು ನಂಬಬೇಕು? ಹರಿಹರ 2 ತೀರಿಕೊಂಡದ್ದು 1404ರಲ್ಲಿ. ಆ ಬಳಿಕ ಅವನ ಮಕ್ಕಳಲ್ಲಿ ಸಿಂಹಾಸನಕ್ಕಾಗಿ ಎರಡು ವರ್ಷ ಕಲಹ ನಡೆದು, ದೇವರಾಯ 1 ಪಟ್ಟವೇರಿದ್ದು 1406ರ ನವೆಂಬರಿನಲ್ಲಿ. ಫೆರಿಸ್ತಾ ಕೊಡುವ ಹಿಜರಿ 809 ಆರಂಭವಾಗುವುದು 1406ರ ಜೂನ್ ತಿಂಗಳಲ್ಲಿ. ಪಟ್ಟ ಇನ್ನೂ ಭದ್ರವಾಗದ ಅರಸನೊಬ್ಬ ಹಳ್ಳಿಯ ಹುಡುಗಿಗಾಗಿ ಬೇಟೆಯ ನೆಪ ಹೂಡಿ ನದಿ ದಾಟಿದನೆಂಬುದನ್ನು ಒಪ್ಪುವುದು ಸುಲಭವಲ್ಲ. ಎಡೆದೊರೆಗಾಗಿ ಉಭಯ ರಾಜ್ಯಗಳಿಗೂ ಬೇರೆ ಕಾರಣಗಳು ಸಾಕಷ್ಟಿದ್ದವು.

ಫೆರಿಸ್ತಾ ಬರೆದದ್ದು ಘಟನೆಯಾಗಿ 200 ವರ್ಷಗಳ ಮೇಲೆ, 1606ರ ಸುಮಾರಿಗೆ, ವಿಜಾಪುರದ ಇಬ್ರಾಹಿಂ ಆದಿಲಷಾಹ 2ರ ಆಶ್ರಯದಲ್ಲಿ. ಆ ಹೊತ್ತಿಗೆ ಮುದಗಲ್ಲು ಅವನ ಒಡೆಯನ ಕೋಟೆಯೇ ಆಗಿತ್ತು. ಆ ಒಡೆಯನಾದರೋ ಕಿತಾಬ್-ಎ-ನವರಸದ ಕರ್ತೃ, ಸಂಗೀತದಲ್ಲಿ ಮುಳುಗಿದ್ದವನು. ವಿಜಯನಗರದೊಡನೆ ನಡೆದ ಮತ್ತೊಂದು ಯುದ್ಧದ ಮೊದಲಿಗೂ ಫೆರಿಸ್ತಾ ಸಂಗೀತವನ್ನೇ ಇಟ್ಟಿರುವುದು ಕುತೂಹಲಕರ. 1366ರಲ್ಲಿ ಬಹಮನಿ ಸುಲ್ತಾನನು ತನ್ನ ಗಾಯಕರ ಸಂಭಾವನೆಯನ್ನು ವಿಜಯನಗರದ ಬೊಕ್ಕಸ ತೆರಬೇಕೆಂದು ಬರೆದು ಕಳುಹಿದನು, ಅವಮಾನಗೊಂಡ ಬುಕ್ಕರಾಯ ಮುದಗಲ್ಲಿನ ಮೇಲೆ ಬಿದ್ದು ಕಾವಲು ಪಡೆಯನ್ನು ಕೊಂದನು ಎಂದು ಅವನು ಹೇಳುತ್ತಾನೆ. ಎರಡು ಬಾರಿಯೂ ಹಾಡು, ಎರಡು ಬಾರಿಯೂ ಮುದಗಲ್ಲು. ಇದು ಚರಿತ್ರೆಯ ಆಕಸ್ಮಿಕವೆನ್ನುವುದಕ್ಕಿಂತ ಸಂಗೀತಪ್ರಿಯನಾದ ಒಡೆಯನಿಗಾಗಿ ಬರೆದವನ ಆಯ್ಕೆಯೆನ್ನುವುದು ಯುಕ್ತ. ಹಾಗೆಂದು ಕಥೆಯನ್ನು ಬದಿಗಿಡಬೇಕಾಗಿಲ್ಲ. ತಿರಸ್ಕೃತನಾದ ಪ್ರಬಲನೊಬ್ಬ ಏನು ಮಾಡುತ್ತಾನೆಂದು ಆ ಕಾಲದ ಓದುಗರು ನಂಬಲು ಸಿದ್ಧರಿದ್ದರು ಎಂಬುದಕ್ಕೆ ಅದು ಗಟ್ಟಿಯಾದ ಸಾಕ್ಷಿ.

ಯುದ್ಧ ದೇವರಾಯನಿಗೆ ಪ್ರತಿಕೂಲವಾಗಿ ಮುಗಿಯಿತು. ಒಪ್ಪಂದದಂತೆ ಅವನು 10 ಲಕ್ಷ ಹೊನ್ನು, 5 ಮಣ ಮುತ್ತು, 50 ಆನೆ, ಹಾಡು ಕುಣಿತ ಬಲ್ಲ 2000 ಊಳಿಗದವರನ್ನು ಕೊಡಬೇಕಾಯಿತೆಂದು ಫೆರಿಸ್ತಾ ಲೆಕ್ಕ ಕೊಡುತ್ತಾನೆ. ಅವೆಲ್ಲಕ್ಕಿಂತ ಮಿಗಿಲಾಗಿ ಮಗಳನ್ನು ಫಿರೋಜನಿಗೆ ಮದುವೆ ಮಾಡಿ, ಬಂಕಾಪುರದ ಕೋಟೆಯನ್ನು ಬಳುವಳಿಯಾಗಿ ಒಪ್ಪಿಸಬೇಕಾಯಿತು. ಪರರ ಮಗಳನ್ನು ಬಲಾತ್ಕಾರದಿಂದ ತರಹೋದವನು ತನ್ನ ಮಗಳನ್ನು ಕೊಟ್ಟು ಬರಬೇಕಾಯಿತು. ಈ ರಾಜಕುಮಾರಿಯ ಕೊರಳು ಹಿಂದೆಗೆಯಿತೋ ಇಲ್ಲವೋ, ಅದನ್ನು ಯಾರೂ ಬರೆದಿಲ್ಲ.

ಮದುವೆಯ ಬಳಿಕ ಸುಲ್ತಾನನು ಮೂರು ದಿನ ವಿಜಯನಗರದಲ್ಲಿದ್ದು ಹೊರಟಾಗ ದೇವರಾಯ ಸುಮಾರು ನಾಲ್ಕು ಮೈಲಿ ಜತೆಗೆ ಬಂದು ಹಿಂದಿರುಗಿದನು. ಮಾವನು ಬಿಡಾರದವರೆಗೆ ಬರಲಿಲ್ಲವೆಂದು ಅಳಿಯನಿಗೆ ಕೆಂಡದಂಥ ಕೋಪ. ಈ ಅವಮಾನಕ್ಕೆ ಎಂದಾದರೂ ಪ್ರತೀಕಾರ ಮಾಡುವೆನೆಂದು ಮೀರ್ ಫಜಲುಲ್ಲಾನೊಡನೆ ಆಡಿದನು. ಆ ಮಾತು ದೇವರಾಯನ ಕಿವಿಗೆ ಬಿದ್ದು ಅವನೂ ಏನೋ ಬಿರುನುಡಿಯಾಡಿದನು. ಕೂಡಿಸಲೆಂದು ಮಾಡಿದ ಮದುವೆ ಬೀಳ್ಕೊಡುವ ದಾರಿಯಲ್ಲಿಯೇ ಒಡೆಯಿತು. ಮುಂದಿನ ದಶಕದಲ್ಲಿ ಪಾನಗಲ್ಲಿನ ಯುದ್ಧದಲ್ಲಿ ಇದೇ ಮಾವ-ಅಳಿಯಂದಿರು ಎದುರುಬದುರಾದರು; ಆಗ ಸೋತವನು ಫಿರೋಜ್.

ಬಳುವಳಿಯಾಗಿ ಹೋದ ಬಂಕಾಪುರ ಜೈನ ಸಾಹಿತ್ಯದ ಅಭ್ಯಾಸಿಗಳಿಗೆ ಬರಿಯ ಕೋಟೆಯಲ್ಲ. 974ರಲ್ಲಿ ಗಂಗ ಮಾರಸಿಂಹನು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡ ಊರದು. ಅದಕ್ಕೂ ಮುಂಚೆ, ಶಕ 820ರಲ್ಲಿ, ಅಂದರೆ 898ರಲ್ಲಿ, ಲೋಕಾದಿತ್ಯನು ಅಲ್ಲಿ ಆಳುತ್ತಿದ್ದಾಗ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತು. ಬಲಾತ್ಕಾರದ ಪ್ರೇಮದ ಅತ್ಯಂತ ಘೋರವಾದ ಕನ್ನಡ ಕಥೆಗೆ ಬೀಜವಿರುವುದು ಆ ಪುರಾಣದಲ್ಲಿಯೇ. ಅದನ್ನು ಬೆಳೆಸಿದವನು ಜನ್ನ, 1230ರ ಅನಂತನಾಥಪುರಾಣದಲ್ಲಿ.

ಪೌದನಪುರದ ವಸುಷೇಣನ ಮನೆಗೆ ಗೆಳೆಯನಾದ ಚಂಡಶಾಸನ ಅತಿಥಿಯಾಗಿ ಬರುತ್ತಾನೆ. ಗೆಳೆಯನ ಮಡದಿ ಸುನಂದೆಯನ್ನು ಮೋಹಿಸಿ ಅಪಹರಿಸುತ್ತಾನೆ. ಆಕೆ ಒಲಿಯುವುದಿಲ್ಲ. ಗಂಡ ಇರುವತನಕ ಒಲಿಯಳೆಂದು ಎಣಿಸಿ ವಸುಷೇಣನದೆಂದು ಕೃತಕವಾದ ತಲೆಯೊಂದನ್ನು ತೋರಿಸುತ್ತಾನೆ. ಸುನಂದೆಯ ಎದೆಯೊಡೆದು ಪ್ರಾಣ ಹೋಗುತ್ತದೆ. ಆಗ ಚಂಡಶಾಸನ ಆಕೆಯ ಚಿತೆಯನ್ನು ತಾನೂ ಹೊಗುತ್ತಾನೆ. ಈ ಸಾವನ್ನು ಪ್ರೇಮದ ಪರಾಕಾಷ್ಠೆಯೆಂದು ಓದಿದ ವಿಮರ್ಶಕರಿಲ್ಲದಿಲ್ಲ, ಜನ್ನನ ಮಾತಿನ ಮೋಡಿಯೂ ಅದಕ್ಕೆ ಎಡೆಗೊಡುತ್ತದೆ. ಆದರೆ ಸತ್ತಮೇಲೂ ಆಕೆಗೆ ಅವನಿಂದ ಬಿಡುಗಡೆಯಿಲ್ಲವೆಂಬ ಭೀಕರತೆ ಆ ಓದಿನಲ್ಲಿ ಮರೆಯಾಗುತ್ತದೆ. ಬದುಕಿದ್ದಾಗ ಒಲ್ಲೆನೆಂದವಳ ಚಿತೆಯಲ್ಲಿಯೂ ಪಾಲು ಕೇಳಿದವನು ಅವನು. ಊರನ್ನು ಸುತ್ತುವರಿದು ಮನೆಯವರೆಲ್ಲರನ್ನೂ ತನ್ನಿರೆಂದ ದೇವರಾಯನ ಅಪ್ಪಣೆಯ ಬೇರು ಇಲ್ಲಿಯದೇ: ಬಯಕೆಯ ತೀವ್ರತೆಯೇ ಹಕ್ಕಿನ ಪತ್ರವೆಂಬ ನಂಬಿಕೆ.

ಜೈನ ಪುರಾಣ ಇಲ್ಲಿಗೆ ನಿಲ್ಲುವುದಿಲ್ಲ; ಅನ್ಯಾಯಕ್ಕೊಳಗಾದವನ ಮನಸ್ಸನ್ನೂ ಪರೀಕ್ಷಿಸುತ್ತದೆ. ಮಡದಿಯನ್ನು ಕಳೆದುಕೊಂಡ ವಸುಷೇಣ ತಪಸ್ಸಿಗೆ ತೆರಳುತ್ತಾನೆ. ಆದರೆ ತಪದ ಫಲದಿಂದ ಮುಂದಿನ ಜನ್ಮದಲ್ಲಿ ತನಗೆ ಬಲ ದೊರೆಯಲೆಂದು ಬಯಸುತ್ತಾನೆ. ಶಾಸ್ತ್ರ ಇದನ್ನು ನಿದಾನವೆನ್ನುತ್ತದೆ. ಮಾಯೆ, ಮಿಥ್ಯಾತ್ವಗಳೊಡನೆ ಮೂರು ಶಲ್ಯಗಳಲ್ಲಿ ಅದನ್ನು ಎಣಿಸುತ್ತದೆ. ಶಲ್ಯವೆಂದರೆ ಒಳಗೆ ಮುರಿದು ಉಳಿದ ಮುಳ್ಳು. ಭವಾಂತರದಲ್ಲಿ ವಸುಷೇಣ ಪುರುಷೋತ್ತಮನೆಂಬ ವಾಸುದೇವನಾಗಿಯೂ ಚಂಡಶಾಸನ ಮಧುಸೂದನನೆಂಬ ಪ್ರತಿವಾಸುದೇವನಾಗಿಯೂ ಹುಟ್ಟಿ ಕಾದುತ್ತಾರೆ. ಸುನಂದೆ ಆ ಯುದ್ಧದಲ್ಲಿ ಎಲ್ಲಿಯೂ ಇಲ್ಲ. ಅಗಲಿದ ಹೆಣ್ಣಿನ ನೆಪದಲ್ಲಿ ಗಂಡಸರಿಬ್ಬರು ಜನ್ಮಾಂತರದಲ್ಲಿಯೂ ಹೊಡೆದಾಡುವ ಈ ಚಿತ್ರವನ್ನು ಎದುರಿಗಿಟ್ಟುಕೊಂಡರೆ, ಫೆರಿಸ್ತಾ ಬರೆದ ಮಾವ-ಅಳಿಯಂದಿರ ವೈರ ಹೆಚ್ಚು ಅರ್ಥವಾಗುತ್ತದೆ.

ಬೇರೆ ದಾರಿಯನ್ನು ತೋರುವ ಕಥೆಗಳೂ ಉಂಟು. ಮುಳುಗುಂದದಲ್ಲಿ ನಯಸೇನನು 1112ರಲ್ಲಿ ರಚಿಸಿದ ಧರ್ಮಾಮೃತದ ಕಥಾಮಾಲೆಯಲ್ಲಿ ಸ್ಥಿತಿಕರಣಕ್ಕೆ ದೃಷ್ಟಾಂತವಾಗಿ ಬರುವವನು ವಾರಿಷೇಣ. ಅವನ ಗೆಳೆಯ ಪುಷ್ಪಡಾಳ ಮುನಿಯಾದರೂ ಬಿಟ್ಟುಬಂದ ಹೆಂಡತಿಯನ್ನು ಹನ್ನೆರಡು ವರ್ಷ ಮರೆಯಲಾರ. ಪರಂಪರೆಯ ಪ್ರಕಾರ ಆಕೆಗೆ ಒಂದು ಕಣ್ಣಿಲ್ಲ. ವಾರಿಷೇಣ ಅವನನ್ನು ಗದರಿಸುವುದಿಲ್ಲ. ತನ್ನ ಅರಮನೆಗೆ ಕರೆದೊಯ್ದು, ತಾನು ಬಿಟ್ಟ ಮಡದಿಯರನ್ನು ಸರ್ವಾಭರಣಗಳೊಡನೆ ಮುಂದೆ ನಿಲ್ಲಿಸಿ, ಬೇಕಾದರೆ ಇದೆಲ್ಲವೂ ನಿನಗಿರಲಿ ಎನ್ನುತ್ತಾನೆ. ಪುಷ್ಪಡಾಳ ನಾಚುತ್ತಾನೆ. ಉಪಾಯವೇನೋ ಫಲಿಸಿತು, ಆದರೆ ಹಾಗೆ ಸಾಲಾಗಿ ನಿಂತ ಹೆಂಗಸರು ಏನನ್ನು ಅಂದುಕೊಂಡರೆಂಬುದನ್ನು ಕಥೆ ಕೇಳುವುದಿಲ್ಲ. ಹನ್ನೆರಡು ವರ್ಷ ಒಬ್ಬಳನ್ನೇ ನೆನೆದ ಪುಷ್ಪಡಾಳನ ಚಂಚಲತೆಯಲ್ಲಿಯೇ ಅವರ ಮೌನಕ್ಕಿಂತ ಹೆಚ್ಚು ಮಾನುಷತೆ ಕಾಣುತ್ತದೆ.

ರಾಜೀಮತಿಗೆ ಮಾತ್ರ ಪರಂಪರೆ ಮಾತನ್ನು ಕೊಟ್ಟಿತು. ಕರ್ಣಪಾರ್ಯನ ನೇಮಿನಾಥಪುರಾಣ, ಮೂರನೆಯ ಮಂಗರಸನ ನೇಮಿಜಿನೇಶಸಂಗತಿಗಳು ಕನ್ನಡದಲ್ಲಿ ಹೇಳುವ ಕಥೆಯಲ್ಲಿ ಮದುವೆಯ ದಿಬ್ಬಣ ಬಂದಿದೆ. ಔತಣಕ್ಕಾಗಿ ಕೂಡಿಹಾಕಿದ ಮೃಗಗಳ ಮೊರೆಯನ್ನು ಕೇಳಿ ನೇಮಿ ರಥವನ್ನು ಹಿಂದಿರುಗಿಸುತ್ತಾನೆ. ಹಸೆಯ ಮುಂದೆ ಕೈಬಿಟ್ಟುಹೋದವನ ಮೇಲೆ ಮುನಿಯಲು ರಾಜೀಮತಿಗಿಂತ ಹೆಚ್ಚಿನ ಕಾರಣ ಯಾರಿಗಿದೆ? ಆಕೆ ಅವನನ್ನು ಮರಳಿ ಎಳೆಯುವುದಿಲ್ಲ, ಶಪಿಸುವುದಿಲ್ಲ, ಬೇರೊಬ್ಬನಿಗೆ ಮಣಿಯುವುದೂ ಇಲ್ಲ, ಗಿರಿನಾರನ್ನೇರಿ ಆರ್ಯಿಕೆಯಾಗುತ್ತಾಳೆ. ಶ್ವೇತಾಂಬರ ಪರಂಪರೆಯ ಉತ್ತರಾಧ್ಯಯನದಲ್ಲಿ ನೇಮಿಯ ತಮ್ಮ ರಥನೇಮಿ ಮಳೆಗೆ ತೊಯ್ದ ರಾಜೀಮತಿಯನ್ನು ಗುಹೆಯಲ್ಲಿ ಕಂಡು ಬಯಸಿದಾಗ ಆಕೆ ಅವನಿಗೆ ಬುದ್ಧಿ ಹೇಳುತ್ತಾಳೆ, ಅವನು ಕೇಳುತ್ತಾನೆ. ಅಂಕುಶದ ಆನೆಯಂತೆ ದಾರಿಗೆ ಬಂದನೆಂದು ಆಗಮ ಹೇಳುತ್ತದೆ. ಬೇಡವೆಂಬ ಹೆಣ್ಣಿನ ಮಾತು ಗಂಡಿನ ಮನಸ್ಸಿನಲ್ಲಿ ಕೆಲಸ ಮಾಡುವ ಇಂಥ ಗಳಿಗೆ ನಮ್ಮ ಹಳೆಯ ಸಾಹಿತ್ಯದಲ್ಲಿ ಅಪರೂಪ.

ಈ ಕಥೆಗಳು ದೇವರಾಯನಿಗೆ ತಿಳಿದಿರಲಾರವೆಂದು ಹೇಳುವಂತಿಲ್ಲ. ಶ್ರವಣಬೆಳಗೊಳದ ಮಂಗಾಯಿ ಬಸದಿಯಲ್ಲಿ ಶಾಂತಿನಾಥ ಬಿಂಬವನ್ನು ಮಾಡಿಸಿದವಳು ದೇವರಾಯ ಮಹಾರಾಯನ ರಾಣಿ ಭೀಮಾದೇವಿ, ಪಂಡಿತಾಚಾರ್ಯರ ಶಿಷ್ಯೆ. ಈ ದೇವರಾಯನನ್ನು ವಿದ್ವಾಂಸರು ಸಾಮಾನ್ಯವಾಗಿ ಮೊದಲನೆಯ ದೇವರಾಯನೆಂದೇ ಗುರುತಿಸುತ್ತಾರೆ. ಬಸದಿಯನ್ನು ಕಟ್ಟಿಸಿದ ಮಂಗಾಯಿಯಾದರೋ ನರ್ತಕಿ. ರಾಯಪಾತ್ರಚೂಡಾಮಣಿಯೆಂಬುದು ಆಕೆಯ ಬಿರುದು. ಹಾಡು ಕುಣಿತಗಳನ್ನು ಕಲಿತ ಹೆಣ್ಣೊಬ್ಬಳು ತನ್ನ ಹೆಸರಿನಲ್ಲಿಯೇ ಕಲ್ಲಿನ ಕಟ್ಟಡವೊಂದನ್ನು ಬಿಟ್ಟುಹೋಗುವುದು ಆ ಶತಮಾನದಲ್ಲಿ ಸಾಧ್ಯವಿತ್ತು. ಮುದಗಲ್ಲಿನ ಹುಡುಗಿಗೆ ಸಿಕ್ಕಿದ್ದು ಬೇರೆ.

ಒಪ್ಪಂದವಾದ ಮೇಲೆ ಫಿರೋಜ್ ಷಾ ಮುದಗಲ್ಲಿನಿಂದ ಆಕೆಯನ್ನೂ ಹೆತ್ತವರನ್ನೂ ಕರೆಸಿಕೊಂಡನು. ಕೇಳಿದುದಕ್ಕಿಂತ ಚೆಲುವೆಯೆಂದು ಕಂಡನು. ತನಗೆ ವಯಸ್ಸಾಯಿತೆಂದು ಹೇಳಿ ಮಗ ಹಸನ್ ಖಾನನಿಗೆ ಮದುವೆ ಮಾಡಿದನು. ಆ ವಯಸ್ಸಿನ ಅಡ್ಡಿ ದೇವರಾಯನ ಮಗಳ ವಿಷಯದಲ್ಲಿ ಬಂದಿರಲಿಲ್ಲ. ಹೆತ್ತವರಿಗೆ ಉಡುಗೊರೆಗಳೂ ಹುಟ್ಟೂರಿನ ಉಂಬಳಿಯೂ ದೊರೆತವು. ಮದುವೆಯ ಸಿದ್ಧತೆ ಮುಗಿಯುವತನಕ ಹುಡುಗಿಯನ್ನು ಸುಲ್ತಾನನ ಅತ್ತೆಯ ವಶಕ್ಕೆ ಒಪ್ಪಿಸಲಾಯಿತು. ಈ ಬಾರಿ ಆಕೆ ಏನೆಂದಳೆಂಬುದಕ್ಕೆ ಫೆರಿಸ್ತಾನಲ್ಲಿ ಒಂದು ವಾಕ್ಯವೂ ಇಲ್ಲ. ಅದಕ್ಕೆ ಬದಲಾಗಿ ಅವನು ಕಥೆಯ ಮೊದಲಲ್ಲಿಯೇ ಒಂದು ಏರ್ಪಾಡು ಮಾಡಿದ್ದಾನೆ: ಮುಸಲ್ಮಾನ ರಾಜಕುಮಾರನೊಬ್ಬನ ಮಡದಿಯಾಗುವೆನೆಂಬ ಭಾವನೆ ತನ್ನ ಮನಸ್ಸಿನಲ್ಲಿ ಬಹುಕಾಲದಿಂದ ಇದೆಯೆಂದು ಆಕೆ ಹೆತ್ತವರೊಡನೆ ಹೇಳಿಕೊಂಡಳಂತೆ. ಈ ಒಂದು ಸೇರ್ಪಡೆಯಿಂದ, ಒಬ್ಬ ದೊರೆಗೆ ಹೇಳಿದ ನಿರಾಕರಣೆ ಇನ್ನೊಬ್ಬ ದೊರೆಗೆ ಮುಂಗಡವಾಗಿ ಕೊಟ್ಟ ಸಮ್ಮತಿಯಾಗಿ ತಿರುಗುತ್ತದೆ. ಆಸ್ಥಾನದ ಚರಿತ್ರಕಾರನ ಜಾಣ್ಮೆ ಅದು. ಹೆತ್ತವರನ್ನು ಅಗಲಲಾರೆನೆಂಬ ಆಕೆಯ ಸರಳವಾದ ಕಾರಣ, ಯಾವ ದೊರೆಗೂ ಅನ್ವಯಿಸಬಹುದಾಗಿದ್ದ ಕಾರಣ, ಪುಟ ತಿರುಗುವಷ್ಟರಲ್ಲಿ ಕಾಣೆಯಾಗಿದೆ.

ಹಸನ್ ಖಾನ್ ಪಟ್ಟವೇರಲಿಲ್ಲ. 1422ರಲ್ಲಿ ಸಿಂಹಾಸನ ಚಿಕ್ಕಪ್ಪ ಅಹಮದ್ ಷಾನ ಪಾಲಾಯಿತು. ಭೀಮಾತೀರದ ಫಿರೋಜಾಬಾದಿನ ಅರಮನೆ ಮತ್ತು ಜಹಗೀರುಗಳು ಹಸನ್ ಖಾನನಿಗೆ ಉಳಿದವು. ಅರಮನೆಯ ಸುತ್ತ ಕೆಲವು ಮೈಲಿಗಳ ಒಳಗೆ ಬೇಟೆಯಾಡಲು ಅನುಮತಿಯಿತ್ತು. ಚಿಕ್ಕಪ್ಪನಿರುವತನಕ ಸುಖವಾಗಿದ್ದನೆಂದೂ ಬಳಿಕ ಅವನ ಕಣ್ಣು ಕೀಳಿಸಿ ಅದೇ ಅರಮನೆಯಲ್ಲಿ ಸೆರೆಯಿಡಲಾಯಿತೆಂದೂ ಫೆರಿಸ್ತಾ ಬರೆಯುತ್ತಾನೆ. ಪರ್ತಾಲಳ ಹೆಸರು ಆ ಪುಟಗಳಲ್ಲಿ ಮತ್ತೆ ಬರುವುದಿಲ್ಲ.